ಮೊದಲ ದಿನ ತಪ್ಪಿಹೋಗುವ ಗಾಯಗಳು

ಅಪಘಾತದಲ್ಲಿ ತೊಡೆಮೂಳೆ ನಟ್ಟನಡುವೆ ಮುರಿದಿದ್ದರೆ ಅದು ಯಾರಿಗಾದರೂ ಕಾಣುತ್ತದೆ. ಕಾಲು ಸೊಟ್ಟಗಾಗಿರುತ್ತದೆ, ತೊಡೆ ಊದಿರುತ್ತದೆ. ಆದರೆ ಅದೇ ಮೂಳೆಯ ಮೇಲ್ತುದಿಯಲ್ಲಿ, ಸೊಂಟದ ಕೀಲಿನ ಹತ್ತಿರ, ಕತ್ತಿನಂತೆ ಕಿರಿದಾದ ಒಂದು ಭಾಗವಿದೆ. ಹೀಗೆ ತೊಡೆ ಮುರಿದು ಬಂದ ನೂರು ಜನರಲ್ಲಿ ಸುಮಾರು 2ರಿಂದ 9 ಜನರಿಗೆ ಆ ಕತ್ತೂ ಬಿರುಕು ಬಿಟ್ಟಿರುತ್ತದೆ. ಬಿರುಕು ತೀರಾ ಸಣ್ಣದು, ಜೊತೆಗೆ ಕಾಲು ಹೊರಕ್ಕೆ ತಿರುಗಿಕೊಂಡಿರುವುದರಿಂದ ಎಕ್ಸ್-ರೇಯಲ್ಲಿ ಎಷ್ಟೋ ಸಲ ಅದು ಕಾಣುವುದೇ ಇಲ್ಲ. ತೊಡೆಗೆ ರಾಡ್ ಹಾಕಿ, ಎಲ್ಲ ಸರಿಹೋಯಿತು ಎಂದುಕೊಂಡ ಮೇಲೆ ಬಿರುಕು ಜರುಗಿದರೆ ಮೂಳೆಯ ತಲೆಭಾಗಕ್ಕೆ ರಕ್ತ ಒಯ್ಯುವ ನಾಳಗಳು ಕಿತ್ತುಹೋಗಬಹುದು. ರಕ್ತವಿಲ್ಲದೆ ಆ ತಲೆಭಾಗ ಸಾಯುತ್ತದೆ. ಇಂಥ ರೋಗಿಗಳು ಹೆಚ್ಚಾಗಿ ಚಿಕ್ಕ ವಯಸ್ಸಿನವರು. ಆ ವಯಸ್ಸಿಗೇ ಕೀಲು ಬದಲಿಸುವ ಮಾತು ಬರುತ್ತದೆ.

ಹೀಗೆ ಗಾಯ ತಪ್ಪಿಹೋಗುವುದನ್ನು ವೈದ್ಯರ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಹೆಚ್ಚಿನ ಸಂದರ್ಭದಲ್ಲಿ ಕಾರಣ ಅದಲ್ಲ. ತೀವ್ರ ಗಾಯಗೊಂಡವರು ಬಂದಾಗ ಮೊದಲು ಶ್ವಾಸನಾಳ, ಉಸಿರಾಟ, ರಕ್ತಸ್ರಾವ, ಮೆದುಳು ಎಂಬ ಕ್ರಮದಲ್ಲಿ ನೋಡಿ ಜೀವ ಉಳಿಸಬೇಕು. ಆ ಕ್ರಮ ಸರಿಯಾದದ್ದೇ. 1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರವೈದ್ಯರ ಸ್ವಂತ ವಿಮಾನ ಬಿದ್ದು, ಅವರ ಕುಟುಂಬಕ್ಕೆ ಸಿಕ್ಕ ಅಸ್ತವ್ಯಸ್ತ ಚಿಕಿತ್ಸೆಯ ನೋವಿನಿಂದ ಹುಟ್ಟಿದ ತರಬೇತಿ ಅದು. ಈಗ ಜಗತ್ತಿನ ಅನೇಕ ದೇಶಗಳಲ್ಲಿ ಗಾಯಾಳುಗಳನ್ನು ನೋಡುವ ವೈದ್ಯರು ಅದನ್ನೇ ಕಲಿಯುತ್ತಾರೆ. ಜೀವಕ್ಕೆ ಅಪಾಯ ತಪ್ಪಿದ ಮೇಲೆ ತಲೆಯಿಂದ ಕಾಲಿನವರೆಗೆ ಎರಡನೆಯ ಪರೀಕ್ಷೆ ಆಗಬೇಕು ಎಂದೂ ಅದೇ ತರಬೇತಿ ಹೇಳುತ್ತದೆ. ತೊಡಕಾಗುವುದು ಇಲ್ಲೇ. ಗುಲ್ಮ (ಸ್ಪ್ಲೀನ್) ಹರಿದು ಹೊಟ್ಟೆಯಲ್ಲಿ ರಕ್ತ ತುಂಬುತ್ತಿದ್ದರೆ ರೋಗಿ ಎರಡನೆಯ ಪರೀಕ್ಷೆಗೆ ಮೊದಲೇ ಆಪರೇಷನ್ ಥಿಯೇಟರಿಗೆ ಹೋಗುತ್ತಾನೆ. ಅಲ್ಲಿಂದ ಐಸಿಯು, ವೆಂಟಿಲೇಟರ್. ಅಷ್ಟರಲ್ಲಿ ಡ್ಯೂಟಿ ಬದಲಾಗುತ್ತದೆ. ಎಡಗೈ ಬೆರಳನ್ನು, ಬಲಪಾದವನ್ನು ಯಾರೂ ಮುಟ್ಟಿಯೇ ನೋಡಿಲ್ಲ ಎಂಬುದು ಕೇಸ್ ಶೀಟಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಬೇರೆ ಆಸ್ಪತ್ರೆಯಿಂದ ಕಳಿಸಿದ ರೋಗಿಯಾದರೆ ಅಲ್ಲಿಯವರು ನೋಡಿದ್ದಾರೆ ಎಂದು ಇಲ್ಲಿಯವರು ಅಂದುಕೊಳ್ಳುತ್ತಾರೆ. ಪ್ರಜ್ಞೆ ಇಲ್ಲದವರು, ಕುಡಿದವರು, ಒಂದು ದೊಡ್ಡ ನೋವಿನಲ್ಲಿ ಉಳಿದ ನೋವು ಗೊತ್ತಾಗದವರು ತಾವಾಗಿ ಹೇಳುವುದೂ ಇಲ್ಲ.

ಇದು ಎಷ್ಟು ಸಾಮಾನ್ಯ ಎಂದರೆ, ಹುಡುಕಿದಷ್ಟು ಸಿಗುತ್ತದೆ. 1990ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಹಳೆಯ ದಾಖಲೆಗಳ ಪ್ರಕಾರ ಗಾಯ ತಪ್ಪಿಹೋದ ರೋಗಿಗಳು ಶೇ. 2ರಷ್ಟಿದ್ದರು. ಪ್ರತಿ ರೋಗಿಯನ್ನೂ ಮತ್ತೊಮ್ಮೆ ಕ್ರಮವಾಗಿ ಪರೀಕ್ಷಿಸಲು ಆರಂಭಿಸಿದಾಗ ಅದು ಶೇ. 9ಕ್ಕೆ ಏರಿತು. ನಮ್ಮಲ್ಲಿ ಇಂಥದ್ದು ಆಗುವುದೇ ಇಲ್ಲ ಎನ್ನುವ ವಿಭಾಗದಲ್ಲಿ ಮರುಪರೀಕ್ಷೆ ನಡೆಯುತ್ತಿದೆಯೇ ಎಂದು ನಾನು ಮೊದಲು ಕೇಳುತ್ತೇನೆ.

ತಪ್ಪಿಹೋಗುವುದರಲ್ಲಿ ಹೆಚ್ಚಿನವು ಕೈ, ಕಾಲು, ಪಾದದ ಮೂಳೆಗಳು. ಪಾದದ ನಡುವಿನ ಕೀಲು ಸಡಿಲಾದರೆ ಮಲಗಿಸಿ ತೆಗೆದ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು, ನಿಂತಾಗಷ್ಟೇ ಬಿರುಕು ಬಾಯ್ತೆರೆಯುತ್ತದೆ. ಭುಜ ಹಿಂದಕ್ಕೆ ಜಾರಿದ್ದರೆ ಒಂದೇ ದಿಕ್ಕಿನ ಎಕ್ಸ್-ರೇ ಸಾಲದು. ಕತ್ತಿನ ಕೊನೆಯ ಮೂಳೆ ಭುಜದ ನೆರಳಲ್ಲಿ ಮರೆಯಾಗುತ್ತದೆ.

ಹೊಟ್ಟೆಯ ಗಾಯಗಳು ಬೇರೆ ಬಗೆಯವು. ಸೀಟ್ ಬೆಲ್ಟಿನ ಗುರುತು ಹೊಟ್ಟೆಯ ಮೇಲೆ ಮೂಡಿದ್ದರೆ ಕರುಳಿಗೆ ಪೆಟ್ಟಾಗಿರುವ ಸಾಧ್ಯತೆ ಇದೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ನೀರು, ರಕ್ತ ಇಲ್ಲ ಎಂದ ಮಾತ್ರಕ್ಕೆ, ಕೆಲವೊಮ್ಮೆ ಮೊದಲ ಸಿಟಿ ಸ್ಕ್ಯಾನ್‌ನಲ್ಲೂ ಏನೂ ಇಲ್ಲ ಎಂದ ಮಾತ್ರಕ್ಕೆ, ಆ ರೋಗಿಯನ್ನು ಮನೆಗೆ ಕಳಿಸಬಾರದು. ಗಂಟೆಗಂಟೆಗೂ ಹೊಟ್ಟೆ ಮುಟ್ಟಿ ನೋಡಬೇಕು. ಮೊಣಕಾಲ ಕೆಳಗಿನ ಮೂಳೆ ಮುರಿದಾಗ ಅಲ್ಲಿನ ಸ್ನಾಯು ಊದಿ ತನ್ನ ರಕ್ತವನ್ನು ತಾನೇ ತಡೆದುಕೊಳ್ಳುವ ಸ್ಥಿತಿಯಂತೂ ಇನ್ನೂ ಅವಸರದ್ದು. ಸುಮಾರು 6 ಗಂಟೆಯಲ್ಲಿ ಸ್ನಾಯು ಸಾಯಲು ಶುರುವಾಗುತ್ತದೆ. ಪಾದದಲ್ಲಿ ನಾಡಿ ಸಿಗುತ್ತಿದೆ ಎಂದು ನೆಮ್ಮದಿಪಡುವಂತಿಲ್ಲ. ಅದರ ಮೊದಲ ಲಕ್ಷಣ, ಗಾಯಕ್ಕೆ ಮೀರಿದ ನೋವು. ವೆಂಟಿಲೇಟರ್ ಮೇಲಿರುವವರು ಅದನ್ನು ಹೇಳಲಾರರು.

ಪರಿಹಾರ ದುಬಾರಿಯದ್ದಲ್ಲ. ದಾಖಲಾದ 24 ಗಂಟೆಯೊಳಗೆ ಮೂರನೆಯ ಪರೀಕ್ಷೆ, ಅಂದರೆ ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ನೋಡುವುದು, ಆಗಬೇಕು. ಪ್ರಜ್ಞೆ ಬಂದ ಮೇಲೆ ಇನ್ನೊಮ್ಮೆ, ಎದ್ದು ನಡೆಯಲು ತೊಡಗಿದಾಗ ಮತ್ತೊಮ್ಮೆ. ಬ್ಯಾಂಡೇಜ್ ಇಲ್ಲದ ಪ್ರತಿ ಕೀಲನ್ನೂ ಆಡಿಸಿ ನೋಡಬೇಕು. ರೇಡಿಯಾಲಜಿಸ್ಟರ ಅಂತಿಮ ವರದಿಯನ್ನು ಓದಬೇಕು. ಯಾರು ಮಾಡಿದರು, ಎಷ್ಟು ಹೊತ್ತಿಗೆ ಎಂದು ಸಹಿಯೊಂದಿಗೆ ಬರೆದಿಡಬೇಕು. ಒಬ್ಬರ ಹೆಸರಿಗೆ ಅಂಟಿಸದ ಕೆಲಸ ಆಗುವುದಿಲ್ಲ. ಇಡೀ ದೇಹದ ಸಿಟಿ ಬಂದಿರುವಾಗ ಇದೆಲ್ಲ ಯಾಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ಸಿಟಿ ಸಾಮಾನ್ಯವಾಗಿ ತಲೆಯಿಂದ ಸೊಂಟದವರೆಗಿನದು. ಕೈಬೆರಳು, ಪಾದ ಅದರಲ್ಲಿರುವುದಿಲ್ಲ, ಮೊಣಕಾಲಿನ ಅಸ್ಥಿರಜ್ಜುಗಳೂ (ಲಿಗಮೆಂಟ್) ಇರುವುದಿಲ್ಲ.

ಮೈ ಒರೆಸುವಾಗ ರೋಗಿ ಮುಖ ಕಿವುಚಿದ್ದನ್ನು ನರ್ಸ್ ಮೊದಲು ನೋಡುತ್ತಾರೆ. ಎಬ್ಬಿಸಿ ನಿಲ್ಲಿಸುವಾಗ ಪಾದ ಊರುತ್ತಿಲ್ಲ ಎಂಬುದು ಫಿಸಿಯೋಥೆರಪಿಸ್ಟರಿಗೆ ಮೊದಲು ಗೊತ್ತಾಗುತ್ತದೆ. ಅವರ ಮಾತು ಆ ದಿನವೇ ವೈದ್ಯರಿಗೆ ತಲುಪಬೇಕು. ಮನೆಯವರೂ ಸಂಕೋಚ ಬಿಟ್ಟು ಹೇಳಬೇಕು. ತಡವಾಗಿ ಗಾಯ ಸಿಕ್ಕರೆ ಅದನ್ನು ರೋಗಿಗೆ ಮುಚ್ಚಿಡದೆ ತಿಳಿಸುವುದು ವೈದ್ಯರ ಕರ್ತವ್ಯ.

ಡಿಸ್ಚಾರ್ಜ್ ಆದ ಮೇಲೆ ಹೊಲಿಗೆ ಬಿಚ್ಚಿಸಲು ಬಂದ ದಿನವೂ ಬೇರೆ ಎಲ್ಲಾದರೂ ನೋವಿದೆಯೇ ಎಂದು ಕೇಳಿ, ಹೆಬ್ಬೆರಳ ಬುಡದಲ್ಲಿ ಒತ್ತಿ ನೋಡಬೇಕು. ಮಣಿಕಟ್ಟಿನ ದೋಣಿಯಾಕಾರದ ಚಿಕ್ಕ ಮೂಳೆಯ ಬಿರುಕು ಮೊದಲ ಎಕ್ಸ್-ರೇಯಲ್ಲಿ ಕಾಣದೆ, 10ರಿಂದ 14 ದಿನ ಬಿಟ್ಟು ತೆಗೆದ ಎಕ್ಸ್-ರೇಯಲ್ಲಿ ಸಿಗಬಹುದು.