ಓದುಗರ ಪ್ರಶ್ನೆ: ಜಪಾನಿನ ಕುಸ್ತಿ ಕಂಪನಿಗಳ ಚರಿತ್ರೆಯಲ್ಲಿ ಯಾವ ತಾರೀಖನ್ನು ನಂಬಬೇಕು?

ಪ್ರಶ್ನೆ: ಜಪಾನಿನ ವೃತ್ತಿಪರ ಕುಸ್ತಿಯ ಬಗ್ಗೆ ಓದತೊಡಗಿದ್ದೇನೆ. ‘ಆಲ್ ಜಪಾನ್’ ಕಂಪನಿ 1972ರ ಅಕ್ಟೋಬರ್ 21ರಂದು ಶುರುವಾಯಿತು ಎಂದು ಒಂದು ಕಡೆ ಇದೆ, ಇನ್ನೊಂದು ಕಡೆ 22 ಎಂದಿದೆ. ಮತ್ತೊಂದು ಕಡೆ ಆ ಹೆಸರು 1954ರಲ್ಲೇ ಕಾಣಿಸುತ್ತದೆ. ಯಾವುದು ಸರಿ? ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೂರೂ ಸರಿ. ನುಣುಚಿಕೊಳ್ಳಲು ಹೇಳುತ್ತಿರುವ ಮಾತಲ್ಲ ಇದು, ಒಂದೊಂದಾಗಿ ಬಿಡಿಸಿ ನೋಡೋಣ.

1972ರ ಅಕ್ಟೋಬರ್ 21ರಂದು ಪೈಲ್ವಾನ ಜೈಂಟ್ ಬಾಬಾ ಅವರ ಹೊಸ ಕಂಪನಿ ‘ಆಲ್ ಜಪಾನ್’ ಟೋಕಿಯೊ ಅಂಚಿನ ಮಚಿದಾ ಊರಿನಲ್ಲಿ ಪಂದ್ಯಗಳನ್ನು ಆಡಿಸಿತು. ಟಿಕೆಟ್ ಮಾರಿದ್ದು ನಿಜ, ಜನ ಸೇರಿದ್ದೂ ನಿಜ. ಆದರೆ ಕಂಪನಿಯವರು ಅದನ್ನು ಕರೆದದ್ದು ‘ಮುನ್ನಾದಿನದ ಉತ್ಸವ’ ಎಂದು. ಮರುದಿನ ಟೋಕಿಯೊದ ರ್ಯೋಗೊಕು ಬಡಾವಣೆಯ ನಿಹೊನ್ ವಿಶ್ವವಿದ್ಯಾಲಯ ಸಭಾಂಗಣದಲ್ಲಿ ನಡೆದದ್ದು ಅಧಿಕೃತ ‘ಹತಾಆಗೆ’. ಹತಾ ಎಂದರೆ ಬಾವುಟ, ಆಗೆ ಎಂದರೆ ಏರಿಸುವುದು. ಹೊಸ ನಾಟಕ ತಂಡದ ಮೊದಲ ಪ್ರಯೋಗಕ್ಕೂ ಜಪಾನಿನಲ್ಲಿ ಇದೇ ಮಾತು. ಹಾಗಾಗಿ ಅಲ್ಲಿನ ಕುಸ್ತಿ ಕಂಪನಿಗೆ ಕನಿಷ್ಠ ಎರಡು ಹುಟ್ಟುಹಬ್ಬ: ಕಾಗದದ ಮೇಲೆ ನೋಂದಣಿಯಾದ ದಿನ ಒಂದು, ಬಾವುಟ ಏರಿದ ದಿನ ಇನ್ನೊಂದು. ಆಂಟೋನಿಯೊ ಇನೋಕಿ ಅವರ ‘ನ್ಯೂ ಜಪಾನ್’ ಸ್ಥಾಪನೆಯಾದದ್ದು 1972ರ ಜನವರಿಯಲ್ಲಿ, ಬಾವುಟ ಏರಿದ್ದು ಮಾರ್ಚ್ 6ರಂದು, ಟೋಕಿಯೊದ ಓತಾ ವಾರ್ಡಿನ ಜಿಮ್ನೇಷಿಯಂನಲ್ಲಿ. ಅಂದು ಇನೋಕಿ ಕಾರ್ಲ್ ಗಾಚ್ ಎದುರು ಸೋತರು. ಸ್ವಂತ ಕಂಪನಿಯ ಮೊದಲ ರಾತ್ರಿಯೇ ಯಜಮಾನನಿಗೆ ಸೋಲು! ಗೆಲುವು ಸೋಲನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಆಟದಲ್ಲಿ ಇಂಥ ಸೋಲು ಸುಮ್ಮನೆ ಬರುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ನು 1954ರ ಹೆಸರು. ಆ ವರ್ಷ ಫೆಬ್ರವರಿ 19ರಂದು ಟೋಕಿಯೊದ ಕುರಮಾಯೆ ಕೊಕುಗಿಕಾನ್‌ನಲ್ಲಿ, ಮುಂದೆ ಬಾಬಾ ಅವರಿಗೆ ಗುರುವಾದ ರಿಕಿದೋಜಾನ್ ಮತ್ತು ಜೂಡೊ ಪಟು ಮಸಾಹಿಕೊ ಕಿಮುರಾ ಜೋಡಿಯಾಗಿ ಶಾರ್ಪ್ ಸಹೋದರರನ್ನು ಎದುರಿಸಿದರು. ಬೀದಿಯಲ್ಲಿಟ್ಟ ಟಿವಿಗಳ ಮುಂದೆ ಜನ ಕಿಕ್ಕಿರಿದು ನಿಂತರು. ಆ ಕಾಲಕ್ಕೆ ಕಂಪನಿ ಕಟ್ಟಿದವರು ರಿಕಿದೋಜಾನ್ ಒಬ್ಬರೇ ಅಲ್ಲ. ಒಸಾಕಾದಲ್ಲಿ ತೋಶಿಯೊ ಯಮಗುಚಿ ಅವರು ‘ಜೆನ್ ನಿಪ್ಪೊನ್’ ಅಂದರೆ ಅಖಿಲ ಜಪಾನ್ ಹೆಸರಿನ ಕಂಪನಿ ಕಟ್ಟಿದರು. ಕಿಮುರಾ ತಮ್ಮ ಊರಾದ ಕುಮಾಮೊತೊದಲ್ಲಿ ‘ಕೊಕುಸಾಯ್’ ಅಂದರೆ ಅಂತರರಾಷ್ಟ್ರೀಯ ಹೆಸರಿನದನ್ನು ಕಟ್ಟಿದರು. ಎರಡೂ ಹೆಚ್ಚು ದಿನ ಬಾಳಲಿಲ್ಲ. ಮುಂದೆ 1966ರಲ್ಲಿ ಇಸಾವೊ ಯೋಶಿಹಾರಾ ಕಟ್ಟಿದ ಕಂಪನಿಯ ಹೆಸರೂ ಕೊಕುಸಾಯ್, 1972ರಲ್ಲಿ ಬಾಬಾ ಕಟ್ಟಿದ್ದರ ಹೆಸರೂ ಜೆನ್ ನಿಪ್ಪೊನ್. ಹಳೆಯದಕ್ಕೂ ಹೊಸದಕ್ಕೂ ಸಂಬಂಧವಿಲ್ಲ. ನಾನು ಶುರುವಿನಲ್ಲಿ 1954ರ ಒಂದು ಒಸಾಕಾ ಪಂದ್ಯವನ್ನು ಬಾಬಾ ಕಂಪನಿಯ ಪುಟದಲ್ಲಿ ಬರೆದುಕೊಂಡು, ಲೆಕ್ಕ ಕೂಡದೆ ವಾರಗಟ್ಟಲೆ ಒದ್ದಾಡಿದ್ದೆ. ಆಗ ಬಾಬಾ ಇನ್ನೂ ಬೇಸ್‌ಬಾಲ್ ಆಡುತ್ತಿದ್ದ ಶಾಲೆಯ ಹುಡುಗ. ಅವರು ಕುಸ್ತಿಯ ರಿಂಗ್ ಹತ್ತಿದ್ದೇ 1960ರ ಸೆಪ್ಟೆಂಬರ್ 30ರಂದು, ಇನೋಕಿ ಹತ್ತಿದ ದಿನವೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಕಂಪನಿಯ ಹೆಸರು ಹಿಡಿದು ಹೊರಡಬೇಡಿ. ಒಂದು ದಿನ, ಒಂದು ಸಭಾಂಗಣ, ಅಂದಿನ ಪಂದ್ಯಪಟ್ಟಿ ಇವನ್ನು ಹಿಡಿದು ಹೊರಡಿ. ಜಪಾನಿನ ಕುಸ್ತಿ ಕಂಪನಿಗಳು ನಮ್ಮ ಹಳೆಯ ನಾಟಕ ಕಂಪನಿಗಳ ಹಾಗೆ. ಮುಖ್ಯ ಪಾತ್ರಧಾರಿ ಮುನಿಸಿಕೊಂಡು ಹೊರಬೀಳುತ್ತಾನೆ, ಜೊತೆಗೆ ನಾಲ್ಕು ಜನರನ್ನು ಕರೆದೊಯ್ಯುತ್ತಾನೆ, ಹೊಸ ಬೋರ್ಡು ತೂಗಹಾಕುತ್ತಾನೆ. ಯಾರು ಯಾವ ವಾರದಿಂದ ಯಾವ ಪಂದ್ಯಪಟ್ಟಿಯಲ್ಲಿ ಕಾಣೆಯಾದರು ಎಂದು ನೋಡಿದರೆ ಒಡಕು ತಾನಾಗಿ ಕಾಣುತ್ತದೆ. 2000ದಲ್ಲಿ ಮಿಸಾವಾ ಅವರು ಆಲ್ ಜಪಾನ್ ಬಿಟ್ಟು ‘ನೋವಾ’ ಕಟ್ಟಿದಾಗ ಹೆಸರಾಂತ ಜಪಾನಿ ಪಟುಗಳ ಪೈಕಿ ಹಳೆಯ ಮನೆಯಲ್ಲಿ ಉಳಿದವರು ಕವಾದಾ ಮತ್ತು ಫುಚಿ ಇಬ್ಬರೇ. ಎರಡು ತಿಂಗಳ ಪಂದ್ಯಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಬೇರೆ ವಿವರಣೆಯೇ ಬೇಡ.

ಸಭಾಂಗಣದ ಹೆಸರಿನಲ್ಲೂ ಒಂದು ಮೋಸವಿದೆ. ‘ಕೊಕುಗಿಕಾನ್’ ಎಂಬ ಹೆಸರಿನ ಸುಮೋ ಮಂದಿರಗಳು ಟೋಕಿಯೊದಲ್ಲಿ ಮೂರು ಆಗಿಹೋಗಿವೆ. 1909ರಲ್ಲಿ ಕಟ್ಟಿದ್ದು ರ್ಯೋಗೊಕುವಿನದು, ಯುದ್ಧದ ನಂತರದ್ದು ಕುರಮಾಯೆಯದು, 1985ರಲ್ಲಿ ತೆರೆದದ್ದು ಮತ್ತೆ ರ್ಯೋಗೊಕುವಿನಲ್ಲೇ ಇರುವ ಈಗಿನದು. ಮೊದಲನೆಯದನ್ನು ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ವಶಕ್ಕೆ ತೆಗೆದುಕೊಂಡು ‘ಮೆಮೋರಿಯಲ್ ಹಾಲ್’ ಎಂದು ಕರೆಯಿತು. 1951ರ ಅಕ್ಟೋಬರ್ 28ರಂದು ರಿಕಿದೋಜಾನ್ ತಮ್ಮ ಮೊದಲ ಕುಸ್ತಿಯನ್ನು ಬಾಬಿ ಬ್ರನ್ಸ್ ಎದುರು ಸಮ ಮಾಡಿಕೊಂಡದ್ದು ಅಲ್ಲೇ. ಮುಂದೆ ಆ ಕಟ್ಟಡ ವಿಶ್ವವಿದ್ಯಾಲಯವೊಂದರ ಕೈಗೆ ಹೋಯಿತು. ಬಾಬಾ 1972ರಲ್ಲಿ ಬಾವುಟ ಏರಿಸಿದ ನಿಹೊನ್ ವಿಶ್ವವಿದ್ಯಾಲಯ ಸಭಾಂಗಣ ಅದೇ ಕಟ್ಟಡ! ಗುರು ಕುಸ್ತಿ ಶುರು ಮಾಡಿದ ಚಾವಣಿಯ ಕೆಳಗೇ ಶಿಷ್ಯ ಕಂಪನಿ ಶುರು ಮಾಡಿದ. ಹೆಸರುಗಳನ್ನಷ್ಟೇ ಓದಿಕೊಂಡು ಹೋದವರಿಗೆ ಇದು ಹೊಳೆಯುವುದೇ ಇಲ್ಲ.

ದಿನ, ಜಾಗ ಸಿಕ್ಕಿತು ಎನ್ನೋಣ. ಮುಂದಿನ ಪ್ರಶ್ನೆ: ಅಂದು ಯಾವ ಟಿವಿಯ ಕ್ಯಾಮೆರಾ ಅಲ್ಲಿತ್ತು? ಪೈಲ್ವಾನರ ಆತ್ಮಕಥೆಗಳಲ್ಲಿ ಸ್ನೇಹ, ದ್ರೋಹ, ಕಣ್ಣೀರು ಬೇಕಾದಷ್ಟಿವೆ. ಕಂಪನಿ ಉಳಿಯಿತೇ ಮುಳುಗಿತೇ ಎಂಬುದನ್ನು ಹೇಳುವುದು ಮಾತ್ರ ಟಿವಿ ಒಪ್ಪಂದ. ರಿಕಿದೋಜಾನ್ 1953ರಲ್ಲಿ ಕಟ್ಟಿದ ಮೂಲ ಕಂಪನಿ ‘ನಿಹೊನ್ ಪುರೊರೆಸು’ವನ್ನು ಕೊನೆಗಾಲದಲ್ಲಿ ಎರಡು ವಾಹಿನಿಗಳು ತೋರಿಸುತ್ತಿದ್ದವು. ಒಂದು ನಿಪ್ಪೊನ್ ಟಿವಿ, ಇನ್ನೊಂದು ಇಂದು ಟಿವಿ ಅಸಾಹಿ ಎನಿಸಿಕೊಂಡಿರುವ ಎನ್‌ಇಟಿ. ಬಾಬಾ ಪಂದ್ಯ ನಿಪ್ಪೊನ್ ಟಿವಿಗೇ ಮೀಸಲು ಎಂಬ ಮಾತಿತ್ತು. 1971ರ ಡಿಸೆಂಬರ್‌ನಲ್ಲಿ ಇನೋಕಿ ಅವರನ್ನು ಕಂಪನಿ ಹೊರಹಾಕಿತು. ಎನ್‌ಇಟಿಯ ನಾಯಕನೇ ಹೋದಂತಾಯಿತು. ಆ ಜಾಗ ತುಂಬಲು ಬಾಬಾ ಅವರನ್ನು ಎನ್‌ಇಟಿಯಲ್ಲಿ ತೋರಿಸಿದರು. ನಿಪ್ಪೊನ್ ಟಿವಿ ಮುನಿದು 1972ರ ಮೇ ತಿಂಗಳಲ್ಲಿ ಪ್ರಸಾರ ನಿಲ್ಲಿಸಿತು, ಬಾಬಾ ಬೆನ್ನಿಗೆ ನಿಂತಿತು. 1973ರ ಏಪ್ರಿಲ್‌ನಲ್ಲಿ ಎನ್‌ಇಟಿ ಕೂಡ ಇನೋಕಿ ಕಂಪನಿಯ ಕಡೆಗೆ ಹೊರಳಿತು. ಅದೇ ತಿಂಗಳು ಮೂಲ ಕಂಪನಿ ಬಾಗಿಲು ಹಾಕಿತು. ಇಷ್ಟನ್ನು ಟಿವಿ ಕಾರ್ಯಕ್ರಮಗಳ ಹಳೆಯ ಪಟ್ಟಿಯಿಂದಲೇ ಓದಿಕೊಳ್ಳಬಹುದು.

ಇನ್ನು ಎಲ್ಲಿ ಹುಡುಕುವುದು? ಟೋಕಿಯೊದ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಬೆಂಗಳೂರಿನಲ್ಲಿ ಕುಳಿತೇ ಪದ ಹಾಕಿ ಹುಡುಕಬಹುದು. ಎಲ್ಲ ಪುಟಗಳೂ ಹೊರದೇಶದವರಿಗೆ ತೆರೆಯುವುದಿಲ್ಲ, ಆದರೆ ಯಾವ ಪತ್ರಿಕೆಯ ಯಾವ ಸಂಚಿಕೆ ಎಂಬ ಸುಳಿವು ಸಿಗುತ್ತದೆ. ಹೆಸರನ್ನು ಜಪಾನಿ ಲಿಪಿಯಲ್ಲೇ ನಕಲಿಸಿ ಅಂಟಿಸಿ. ಇಂಗ್ಲಿಷ್ ಹೆಸರುಗಳು ಹೊರಗಿನವರ ಅನುಕೂಲಕ್ಕೆ ಹುಟ್ಟಿದವು, ಜಪಾನಿ ಕಡತಗಳಲ್ಲಿ ಅವು ಇರುವುದು ಅಪರೂಪ. ವರ್ಷ ಜಪಾನಿನ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ‘ಶೋವಾ 47’ ಎಂದಿದ್ದರೆ 1925 ಕೂಡಿಸಿ, 1972 ಬಂತು. ಕುಸ್ತಿ ಫಲಿತಾಂಶಕ್ಕೆ ಹೆಸರಾದ ಸಂಜೆ ಪತ್ರಿಕೆ ‘ಟೋಕಿಯೊ ಸ್ಪೋರ್ಟ್ಸ್’ ಬಳಸುವಾಗ ಇನ್ನೊಂದು ಎಚ್ಚರಿಕೆ: ಇಂದು ಮಧ್ಯಾಹ್ನ ಮಾರಾಟಕ್ಕೆ ಬರುವ ಅದರ ಸಂಚಿಕೆಯ ಮೇಲೆ ನಾಳೆಯ ತಾರೀಖು ಇರುತ್ತದೆ. ಹಲವು ಪಟ್ಟಿಗಳಲ್ಲಿ ಒಂದು ದಿನದ ಗೊಂದಲ ಹುಟ್ಟುವುದೇ ಹೀಗೆ.

ಭಾರತದವರಿಗೆ ಒಂದು ಅಡ್ಡದಾರಿಯೂ ಉಂಟು. ದಾರಾ ಸಿಂಗ್ ಕಥೆ ಕೇಳಿ ಬೆಳೆದವರಿಗೆ ಕಿಂಗ್ ಕಾಂಗ್ ಎಂಬ ಪೈಲ್ವಾನನ ಹೆಸರು ಗೊತ್ತಿರುತ್ತದೆ. ಅದೇ ಕಿಂಗ್ ಕಾಂಗ್ 1955ರ ನವೆಂಬರ್‌ನಲ್ಲಿ ಟೈಗರ್ ಜೋಗಿಂದರ್ ಸಿಂಗ್ ಜೊತೆ ಜಪಾನಿಗೆ ಹೋಗಿ ಏಷ್ಯಾ ಜೋಡಿ ಪಟ್ಟ ಗೆದ್ದರು. 22ರಂದು ಒಂಟಿ ಪಟ್ಟದ ಪಂದ್ಯದಲ್ಲಿ ಕಿಂಗ್ ಕಾಂಗ್ ರಿಕಿದೋಜಾನ್‌ಗೆ ಸೋತರು. ಕಿಂಗ್ ಕಾಂಗ್ ನೆಲೆ ಸಿಂಗಪುರ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಮಂಡಳಿ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ತೆರೆದಿಟ್ಟಿದೆ. ಜಪಾನಿ ಬಾರದವರೂ ಅಲ್ಲಿ ಕೆಲಸ ಶುರು ಮಾಡಬಹುದು.

ಸಂಖ್ಯೆಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಪ್ರೇಕ್ಷಕರ ಲೆಕ್ಕ ಎಂದರೆ ಬಹುಪಾಲು ಆಯೋಜಕರು ಘೋಷಿಸಿದ ಲೆಕ್ಕ. ಅದನ್ನು ಹಾಗೆಯೇ ಬರೆದುಕೊಳ್ಳಿ, ‘ಘೋಷಿತ’ ಎಂಬ ಪದ ಬಿಡಬೇಡಿ. 1963ರ ಮೇ 24ರ ರಿಕಿದೋಜಾನ್–ಡೆಸ್ಟ್ರಾಯರ್ ಪಂದ್ಯದ ಶೇ 64ರ ಟಿವಿ ವೀಕ್ಷಣೆ ‘ವಿಡಿಯೊ ರಿಸರ್ಚ್’ ಸಂಸ್ಥೆಯ ಅಳತೆ. ಆ ಸಂಸ್ಥೆ ಅಳೆಯತೊಡಗಿದ್ದೇ 1962ರ ಕೊನೆಯಲ್ಲಿ, ಆದ್ದರಿಂದ ಅದಕ್ಕೂ ಹಿಂದಿನ ಪಂದ್ಯಗಳ ಅಂಕಿಗಳನ್ನು ಇದರ ಪಕ್ಕ ಇಟ್ಟು ತೂಗಬೇಡಿ. ಜೀವನ ಚರಿತ್ರೆಗಳೂ ಅಷ್ಟೇ. ರಿಕಿದೋಜಾನ್ ಹುಟ್ಟಿದ್ದು ಕೊರಿಯಾದಲ್ಲಿ, ಕಿಮ್ ಸಿನ್‌ರಾಕ್ ಎಂಬ ಹೆಸರಿನಲ್ಲಿ. ಅವರು ಬದುಕಿದ್ದಷ್ಟು ಕಾಲ ಜಪಾನಿನ ಅಭಿಮಾನಿಗಳು ಓದಿದ್ದು ನಾಗಸಾಕಿಯ ಓಮುರಾ ಊರಿನ ಹುಡುಗನ ಕಥೆಯನ್ನು. 1963ರ ಡಿಸೆಂಬರ್ 15ರಂದು, ಚೂರಿ ಇರಿತಕ್ಕೆ ಒಳಗಾದ ಒಂದು ವಾರಕ್ಕೆ, ಅವರು ತೀರಿಕೊಂಡರು. ಆಗಿನ ಬರಹಗಳನ್ನು ಓದುವಾಗ ಆ ಓಮುರಾ ಕಥೆಯನ್ನು ಸುಳ್ಳೆಂದು ಹರಿದೆಸೆಯಬೇಡಿ. ಕಂಪನಿ ಏನನ್ನು ಮಾರುತ್ತಿತ್ತು ಎಂಬುದಕ್ಕೆ ಅದೇ ದಾಖಲೆ.

ಹುಟ್ಟಿನ ದಿನಕ್ಕೆ ಇಷ್ಟು ಜಗಳವಿದ್ದರೆ ಕೊನೆಯ ದಿನ? ಅದಕ್ಕೆ ಬಾವುಟವಿಲ್ಲ, ಭಾಷಣವಿಲ್ಲ. ಮೂಲ ಕಂಪನಿ ಕೊನೆಯ ಬಾರಿಗೆ ಆಡಿದ್ದು 1973ರ ಏಪ್ರಿಲ್ 20ರಂದು, ಗುನ್ಮಾ ಪ್ರಾಂತ್ಯದ ಯೋಶಿಯಿ ಎಂಬ ಪುಟ್ಟ ಊರಿನ ಜಿಮ್ನೇಷಿಯಂನಲ್ಲಿ. ಯೋಶಿಹಾರಾ ಅವರ ಕೊಕುಸಾಯ್ ಕಂಪನಿಗೆ 1981ರ ಮಾರ್ಚ್‌ನಲ್ಲಿ ವಾರದ ಟಿವಿ ಪ್ರಸಾರ ತಪ್ಪಿತು. ಆಗಸ್ಟ್ 9ರಂದು ಹೊಕ್ಕೈಡೊದ ಈಶಾನ್ಯ ತುದಿಯ ಮೀನುಗಾರರ ಊರು ರೌಸುವಿನಲ್ಲಿ, ಪ್ರಾಥಮಿಕ ಶಾಲೆಯೊಂದರ ಮೈದಾನದಲ್ಲಿ, ಅದು ಕೊನೆಯ ಪಂದ್ಯ ಆಡಿಸಿತು. ರಾಜಧಾನಿಯ ಸಾಮಾನ್ಯ ದಿನಪತ್ರಿಕೆಗಳಲ್ಲಿ ಇಂಥದ್ದನ್ನು ಹುಡುಕಿ ಕಾಲ ಕಳೆಯಬೇಡಿ. ಆ ಸೀಮೆಯ ಪತ್ರಿಕೆಯ ಆಗಸ್ಟ್ ತಿಂಗಳ ಸಂಚಿಕೆಗಳನ್ನು ತರಿಸಿಕೊಳ್ಳಿ, ಜಾಹೀರಾತಿನ ಪುಟಗಳನ್ನೂ ಸೇರಿಸಿ.