ನಾಲ್ಕು ಯೂರೋದ ಒಗರು

ಅಡಿಕೆ ಬೇಯಿಸುವ ಹಂಡೆಯ ಚೊಗರನ್ನು ಒಮ್ಮೆಯಾದರೂ ಬೆರಳಿಗೆ ತಾಗಿಸಿ ನೆಕ್ಕಿ ನೋಡದ ಮಲೆನಾಡಿನ ಹುಡುಗರು ಕಡಿಮೆ. ನಾಲಿಗೆ ಮರಳುಕಾಗದದಂತಾಗುತ್ತದೆ, ತುಟಿ ಹಲ್ಲಿನ ಮೇಲೆ ಜಾರದೆ ಅಂಟಿಕೊಳ್ಳುತ್ತದೆ. ಎಷ್ಟು ನೀರು ಕುಡಿದರೂ ಹೋಗದ ಆ ಒಗರು ನನಗೆ ಮತ್ತೆ ಸಿಕ್ಕಿದ್ದು ಜರ್ಮನಿಯಲ್ಲಿ, 3 ಯೂರೋ 99 ಸೆಂಟಿನ ಕಿಯಾಂತಿ ಎಂಬ ಇಟಲಿಯ ಕೆಂಪು ವೈನಿನ ಬಾಟಲಿಯಲ್ಲಿ.

ಇಲ್ಲಿನ ಆಲ್ಡಿ, ಲಿಡ್ಲ್ ಥರದ ಅಗ್ಗದ ಸೂಪರ್‌ಮಾರ್ಕೆಟ್ಟುಗಳಲ್ಲಿ ಇಟಲಿಯ ಕೆಂಪು ವೈನುಗಳದೇ ಒಂದು ಸಾಲು ಇರುತ್ತದೆ. ಊರಿನಿಂದ ಬಂದವರು ಬೆಲೆ ನೋಡಿ ಮೊದಲು ಖುಷಿಪಡುತ್ತಾರೆ, ಆಮೇಲೆ ಅನುಮಾನಪಡುತ್ತಾರೆ. ಅಗ್ಗಕ್ಕೆ ಒಂದು ಕಾರಣ ತೀರಾ ಸರಳ: ಜರ್ಮನಿಯಲ್ಲೂ ಇಟಲಿಯಲ್ಲೂ ಸಾದಾ ವೈನಿಗೆ ಅಬಕಾರಿ ಸುಂಕ ಸೊನ್ನೆ. ಅನುಮಾನಕ್ಕೂ ಒಂದು ಇತಿಹಾಸವಿದೆ. 1986ರಲ್ಲಿ ಇಟಲಿಯ ಅಗ್ಗದ ವೈನಿಗೆ ಅಮಲು ಏರಿಸಲು ಮೆಥನಾಲ್ ಬೆರೆಸಿದ್ದರಿಂದ 23 ಜನ ಸತ್ತರು, ಕೆಲವರು ಕಣ್ಣು ಕಳೆದುಕೊಂಡರು. ಕರ್ನಾಟಕದಲ್ಲಿ 1981ರ ಜುಲೈನಲ್ಲಿ ಕಳ್ಳಭಟ್ಟಿ ಕುಡಿದ ಸುಮಾರು ಮುನ್ನೂರು ಜನರನ್ನು ಕೊಂದದ್ದೂ ಇದೇ ಮೆಥನಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಆ ಹಗರಣದ ಮೇಲೆ ಇಟಲಿಯಲ್ಲಿ ತಪಾಸಣೆ ಬಿಗಿಯಾಯಿತು. ಇವತ್ತು ನಾಲ್ಕು ಯೂರೋದ ಬಾಟಲಿಯಲ್ಲಿ ಹುಡುಕಬೇಕಾದದ್ದು ವಿಷವನ್ನಲ್ಲ. ಅದರಲ್ಲಿ ಒಗರು ಎಷ್ಟಿದೆ, ಆ ಒಗರನ್ನು ಮುಚ್ಚಲು ಏನು ಹಾಕಿದ್ದಾರೆ, ಅದನ್ನು.

ಹೋದ ತಿಂಗಳು ನಾಲ್ಕು ಬಾಟಲಿ ತಂದೆವು: ಕಿಯಾಂತಿ, ಮೊಂತೆಪುಲ್ಚಾನೊ ದಬ್ರುತ್ಸೊ, ಸಿಸಿಲಿಯ ನೇರೊ ದಾವೊಲ, ಪುಲ್ಯಾದ ಪ್ರಿಮಿತೀವೊ. ಎಲ್ಲ ಸೇರಿ 16 ಯೂರೋ ಚಿಲ್ಲರೆ. ಯಾವುದು ಯಾವುದೆಂದು ಗೊತ್ತಾಗದಂತೆ ಬಾಟಲಿಗಳಿಗೆ ನನ್ನ ಉದ್ದನೆಯ ಕಾಲುಚೀಲ ತೊಡಿಸಿ (ಒಗೆದವೇ) ಕೊರಳಿಗೆ ನಂಬರು ಕಟ್ಟಿದೆ. ರುಚಿ ನೋಡಿ ಉಗುಳುವುದು ಕ್ರಮ. ಎಲೆಯಡಿಕೆಯ ಸೀಮೆಯಿಂದ ಬಂದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕಾಲುಚೀಲದ ಹಿಂದೆಯೂ ವಿಜ್ಞಾನವಿದೆ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 20 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಕೊಳವೆಯಲ್ಲಿ ವೈನ್ ಹನಿಸಿದ್ದರು. 5 ಡಾಲರಿನ ವೈನನ್ನೇ ಒಮ್ಮೆ 5 ಎಂದೂ ಒಮ್ಮೆ 45 ಎಂದೂ ತೋರಿಸಿದರು. 45 ಎಂದಾಗ ಜನ ಹೆಚ್ಚು ಮೆಚ್ಚಿದರು. ಸುಳ್ಳು ಹೊಗಳಿಕೆಯಲ್ಲ ಅದು, ಹಿತಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೇ ಹೆಚ್ಚು ಚುರುಕಾಗಿತ್ತು. ಬೆಲೆ ಗೊತ್ತಾದ ಮೇಲೆ ನಾಲಿಗೆಯ ಸಾಕ್ಷಿ ನಂಬುವ ಹಾಗಿಲ್ಲ.

ಇನ್ನು ಒಗರಿನ ವಿಷಯ. ನಮ್ಮ ಷಡ್ರಸಗಳಲ್ಲಿ ಅದೂ ಒಂದು, ಆದರೆ ಶರೀರಶಾಸ್ತ್ರದ ಲೆಕ್ಕದಲ್ಲಿ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಜೊಲ್ಲಿನಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ ಪ್ರೋಟೀನುಗಳಿವೆ. ಬಾಯಿ ನುಣ್ಣಗಿರುವುದರಲ್ಲಿ ಜೊಲ್ಲಿನ ಪ್ರೋಟೀನುಗಳ ಪಾಲು ದೊಡ್ಡದು. ಅಡಿಕೆಯಲ್ಲಿ, ನೇರಳೆ ಹಣ್ಣಿನಲ್ಲಿ, ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಇರುವ ಟ್ಯಾನಿನ್ ಇವುಗಳನ್ನು ಹಿಡಿದು ಗಟ್ಟಿ ಕಣಗಳಾಗಿಸುತ್ತದೆ. ಎಣ್ಣೆ ಆರಿದ ಗಾಡಿ ಚಕ್ರದಂತೆ ನಾಲಿಗೆ ಅಂಗುಳಕ್ಕೆ ಉಜ್ಜುತ್ತದೆ. ಚಹಾಕ್ಕೆ ಹಾಲು ಹಾಕಿದರೆ ಒಗರು ಇಳಿಯುವುದೂ ಇದೇ ಲೆಕ್ಕದಿಂದ: ಟ್ಯಾನಿನ್ ನಮ್ಮ ಜೊಲ್ಲನ್ನು ಬಿಟ್ಟು ಹಾಲಿನ ಕೇಸಿನ್ ಪ್ರೋಟೀನನ್ನು ಹಿಡಿಯುತ್ತದೆ. ಮತ್ತೊಂದು ತೊಡಕು, ಒಗರು ಗುಟುಕಿನಿಂದ ಗುಟುಕಿಗೆ ಕೂಡುತ್ತಾ ಹೋಗುತ್ತದೆ. ಮೊದಲನೇ ಬಾಟಲಿಯ ತಪ್ಪಿಗೆ ಮೂರನೆಯದು ಬೈಸಿಕೊಳ್ಳುತ್ತದೆ. ಅದಕ್ಕೇ ನಡುನಡುವೆ ಒಣ ಬ್ರೆಡ್ಡು, ನೀರು, ಹತ್ತು ನಿಮಿಷದ ಹರಟೆ.

ಒಗರು ಮೆತ್ತಗಾಗಲು ವೈನಿಗೆ ಕಾಲ ಬೇಕು, ಕಾಯುವುದಕ್ಕೆ ಗೋದಾಮಿನ ಬಾಡಿಗೆ ಬೇಕು. ತೊಸ್ಕಾನ ಪ್ರಾಂತ್ಯದ ಸಾಂಜೊವೇಸೆ ದ್ರಾಕ್ಷಿಯನ್ನೇ ನೋಡಿ. ಅದರಿಂದಲೇ ಮಾಡುವ ಬ್ರುನೆಲ್ಲೊ ದಿ ಮೊಂತಾಲ್ಚಿನೊ ಮಾರಾಟಕ್ಕೆ ಬರುವುದು ಕೊಯ್ಲಿನ ನಂತರದ ಐದನೇ ವರ್ಷದಲ್ಲಿ. ಅದೇ ದ್ರಾಕ್ಷಿ ಕನಿಷ್ಠ ಶೇ 70ರಷ್ಟಿರಬೇಕಾದ ಸಾಮಾನ್ಯ ಕಿಯಾಂತಿಗೆ ಮರುವರ್ಷದ ಮಾರ್ಚಿನಲ್ಲೇ ಬಾಗಿಲು ತೆರೆಯುತ್ತದೆ. ಹಾಗಾಗಿ ಅಗ್ಗದ ವೈನ್ ಮಾಡುವವರ ಮುಂದೆ ಎರಡು ದಾರಿ. ಸಿಪ್ಪೆಯನ್ನು ರಸದಿಂದ ಬೇಗ ಬೇರ್ಪಡಿಸಿ ಒಗರೇ ರಸಕ್ಕೆ ಇಳಿಯದಂತೆ ನೋಡಿಕೊಳ್ಳಬಹುದು. ಇಲ್ಲವೇ ಸಿಹಿ ಉಳಿಸಿ ಒಗರನ್ನು ಅದರಡಿ ಮುಚ್ಚಬಹುದು.

ಎರಡನೇ ದಾರಿಯ ವೈನಿಗೆ ನಮ್ಮ ಮೇಜಿನ ಮೇಲೆ ಬಹುಮತ ಬಂತು! ಆರು ಜನರಲ್ಲಿ ನಾಲ್ವರು ಮೂರನೇ ನಂಬರನ್ನು ಮೆಚ್ಚಿದರು. ‘ಹಣ್ಣು ಹಣ್ಣಾಗಿದೆ, ಇದು ದುಬಾರಿದೇ ಇರಬೇಕು’ ಎಂದಳು ನನ್ನ ಹೆಂಡತಿ. ಕಾಲುಚೀಲ ಎಳೆದರೆ ಪ್ರಿಮಿತೀವೊ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನುಗಳಿಗೆ ಐರೋಪ್ಯ ಒಕ್ಕೂಟದಲ್ಲಿ ಪದಾರ್ಥ ಮತ್ತು ಪೋಷಕಾಂಶಗಳ ಪಟ್ಟಿ ಕಡ್ಡಾಯ. ಹೆಚ್ಚಿನವರು ಅದನ್ನು ಕ್ಯೂಆರ್ ಕೋಡಿನಲ್ಲಿ ಅಡಗಿಸಿರುತ್ತಾರೆ. ಫೋನು ಹಿಡಿದೆವು: 100 ಮಿಲಿಲೀಟರಿಗೆ 1.2 ಗ್ರಾಂ ಸಕ್ಕರೆ, ಅಂದರೆ ಲೀಟರಿಗೆ 12. ‘ಡ್ರೈ’, ಅಂದರೆ ಸಿಹಿಯಿಲ್ಲದ ವೈನ್ ಎನ್ನಿಸಿಕೊಳ್ಳಲು ಹುಳಿ ಎಷ್ಟೇ ಇದ್ದರೂ ಲೀಟರಿಗೆ 9 ಗ್ರಾಂ ಮಿತಿ. ಕಿಯಾಂತಿಯ ಪಟ್ಟಿಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಪ್ರಿಮಿತೀವೊ ಮೇಲೆ ನನಗೆ ದ್ವೇಷವಿಲ್ಲ. ಕ್ಯಾಲಿಫೋರ್ನಿಯಾದ ಜಿನ್‌ಫೆಂಡೆಲ್ ಅದೇ ತಳಿ ಎಂದು ಡಿಎನ್‌ಎ ತೋರಿಸಿಕೊಟ್ಟಿದೆ, ಮೂಲ ಕ್ರೊಯೇಷಿಯಾದ ಕರಾವಳಿ. ಬೇಗ ಹಣ್ಣಾಗಿ ಸಕ್ಕರೆ ತುಂಬಿಕೊಳ್ಳುವುದು ಅದರ ಹುಟ್ಟುಗುಣ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಅಮಲಿನ ಘಾಟು ತಗ್ಗಿ ಚೆನ್ನಾಗಿಯೇ ಇರುತ್ತದೆ.

ಆದರೆ ಊಟ ಬಡಿಸಿದ ಮೇಲೆ ಆಟ ತಿರುಗಿತು. ಗಟ್ಟಿ ಕುರಿಹಾಲಿನ ಚೀಸು, ಟೊಮೆಟೊ ಸಾರಿನ ಪಾಸ್ತಾ ಬಂದವು. ಚೀಸಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿಯಿತು, ಕಿಯಾಂತಿಯ ಹುಳಿ ಟೊಮೆಟೊ ಹುಳಿಯ ಜೊತೆ ಹೊಂದಿಕೊಂಡಿತು. ಅರ್ಧ ಗಂಟೆಯಲ್ಲಿ ಖಾಲಿಯಾದದ್ದು ಯಾರೂ ಮೆಚ್ಚದಿದ್ದ ಒಂದನೇ ನಂಬರು, ಅಂದರೆ ಅದೇ ಚೊಗರಿನ ಬಾಟಲಿ. ಗುಟುಕಿನಲ್ಲಿ ಗೆಲ್ಲುವ ವೈನ್ ಬೇರೆ, ಊಟದಲ್ಲಿ ಗೆಲ್ಲುವ ವೈನ್ ಬೇರೆ. ಒಬ್ಬರು ತಂದಿದ್ದ ಬದನೆಕಾಯಿ ಎಣ್ಣೆಗಾಯಿ ಮುಂದೆ ಮಾತ್ರ ನಾಲ್ಕೂ ಮಣ್ಣುಮುಕ್ಕಿದವು. ಮೆಣಸಿನ ಖಾರವನ್ನು ಗುರುತಿಸುವ ನರದ ಗ್ರಾಹಕವನ್ನೇ (ರಿಸೆಪ್ಟರ್) ಆಲ್ಕೋಹಾಲೂ ಕೆರಳಿಸುತ್ತದೆ. ಉರಿಗೆ ಉರಿ ಸೇರಿ ಎಲ್ಲರೂ ಮಜ್ಜಿಗೆ ಕೇಳಿದರು.

ಬಾಟಲಿಯ ಮೇಲಿನ ಹೆಸರುಗಳ ಗೊಂದಲ ಇಟಲಿಯವರನ್ನೂ ಬಿಟ್ಟಿಲ್ಲ. ಮೊಂತೆಪುಲ್ಚಾನೊ ದಬ್ರುತ್ಸೊ ಎಂದರೆ ಅಬ್ರುತ್ಸೊ ಪ್ರಾಂತ್ಯದ ಮೊಂತೆಪುಲ್ಚಾನೊ ದ್ರಾಕ್ಷಿ. ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ ಎಂದರೆ ತೊಸ್ಕಾನದ ಅದೇ ಹೆಸರಿನ ಊರಿನ ವೈನ್, ದ್ರಾಕ್ಷಿ ಮುಖ್ಯವಾಗಿ ಸಾಂಜೊವೇಸೆ. ಬೆಲೆಯೂ ಬೇರೆ. ಇನ್ನು ಬಾಟಲಿಯಿಂದ ಒದ್ದೆ ಗೋಣಿಚೀಲದ ವಾಸನೆ ಬಂದರೆ ಅದು ಬಿರಡೆಯ ತಪ್ಪು. ಟ್ರೈಕ್ಲೋರೋಅನಿಸೋಲ್ ಎಂಬ ಸಂಯುಕ್ತ ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಹತ್ತುತ್ತದೆ. ತಿರುಗಿಸುವ ಮುಚ್ಚಳದ ಅಗ್ಗದ ಬಾಟಲಿಗೆ ಬಿರಡೆಯ ಈ ಕಾಟವಿಲ್ಲ.

ರಾತ್ರಿ ಲೋಟ ತೊಳೆಯುವ ಪಾಳಿ ನನ್ನದು. ನಾವಿರುವ ಈ ಊರಿನ ನಲ್ಲಿ ನೀರು ಗಡಸು, ಕೆಟಲಿನ ತಳದಲ್ಲಿ ಸುಣ್ಣ ಕಟ್ಟುತ್ತದೆ. ಕಿಯಾಂತಿಯ ಕೊನೆಯ ಹನಿಗಳ ಮೇಲೆ ಆ ನೀರು ಬಿಟ್ಟೆ. ವೈನಿನ ಹುಳಿಯಲ್ಲಿ ಕೆಂಪಾಗಿದ್ದ ಆಂಥೋಸಯಾನಿನ್ ಎಂಬ ಬಣ್ಣದ ಪದಾರ್ಥ, ಹುಳಿ ಕಳೆದುಕೊಂಡದ್ದೇ ತಡ, ಕಣ್ಣೆದುರೇ ಬೂದುನೀಲಿಗೆ ತಿರುಗಿತು. ಅರಿಶಿನದ ನೀರಿಗೆ ಸುಣ್ಣ ಕದಡಿ ಓಕುಳಿ ಮಾಡುತ್ತಿದ್ದ ಅಜ್ಜಿಗೆ ಇದನ್ನು ತೋರಿಸಬೇಕಿತ್ತು. ಹೆಂಡತಿಯನ್ನು ಕರೆಯುವಷ್ಟರಲ್ಲಿ ಸಿಂಕಿನಲ್ಲಿ ಇಳಿದುಹೋಯಿತು.