ಎರಡು ಲಕ್ಷ ಓಡಿದ ಹೈಬ್ರಿಡ್ ತಗೋಬಹುದಾ?

ಪ್ರಶ್ನೆ: 2014ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಬೆಂಗಳೂರಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ. 2 ಲಕ್ಷ ಕಿ.ಮೀ. ದಾಟಿದೆ. ಚಿಕ್ಕಮಗಳೂರಿಗೆ ತಂದ ಮೇಲೆ ಬ್ಯಾಟರಿ ಕೈಕೊಟ್ಟರೆ?

ಉತ್ತರ: ಕಾಫಿ ಕೊಯ್ಲು ಮುಗಿದು ದುಡ್ಡು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಶುರುವಾಗುತ್ತದೆ. ಗಾಡಿ ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟ್ ಮೋಟಾರೂ ಅದಕ್ಕೊಂದು ದೊಡ್ಡ ಬ್ಯಾಟರಿಯೂ ಇರುವ ಗಾಡಿ; ಇಳಿಜಾರಿನಲ್ಲಿ, ಬ್ರೇಕ್ ಹಾಕಿದಾಗ ಆ ಮೋಟಾರೇ ಬ್ಯಾಟರಿ ತುಂಬಿಸುತ್ತದೆ. ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಯಂತ್ರ) ಹಾಕಿಸಿ ನೋಡಿ ತಗೊಳ್ಳಿ, ಬರೀ ಮೀಟರ್ ನೋಡಿ ಓಡಿಹೋಗಬೇಡಿ. ಅಷ್ಟೇ ಉತ್ತರ. ಆದರೆ ಅಷ್ಟಕ್ಕೆ ಯಾರೂ ಒಪ್ಪುವುದಿಲ್ಲ. "ಎಂಟು ವರ್ಷಕ್ಕೆ ಬ್ಯಾಟರಿ ಸತ್ತುಹೋಗುತ್ತಂತೆ ಅಲ್ವಾ?" ಎಂದು ಮತ್ತೆ ಅಲ್ಲಿಗೇ ಬರುತ್ತಾರೆ.

ಈ ಎಂಟು ಎಲ್ಲಿಂದ ಬಂತು? ಈಗಿನ ಟೊಯೊಟಾ ಹೈಬ್ರಿಡ್‌ಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಅದನ್ನೇ ಜನ ಹಾಲಿನ ಪ್ಯಾಕೆಟ್ ಮೇಲಿನ ತಾರೀಕಿನ ಹಾಗೆ ಓದುತ್ತಾರೆ. ಕಂಪನಿ ಹೇಳುತ್ತಿರುವುದು ಇಷ್ಟೇ: ಅಲ್ಲಿಯವರೆಗೆ ಕೆಟ್ಟರೆ ಖರ್ಚು ನಮ್ಮದು. ಆಮೇಲೆ ಕೆಡುತ್ತದೆ ಎಂದು ಎಲ್ಲೂ ಬರೆದಿಲ್ಲ. ಬಹುಪಾಲು ಕೆಟ್ಟುಹೋಗುವ ತಾರೀಕಿಗೆ ಯಾವ ಕಂಪನಿಯಾದರೂ ವಾರಂಟಿ ಕೊಡುತ್ತದೆಯೇ?

ಇನ್ನೊಂದು ಗೊಂದಲ ಮೊಬೈಲ್‌ನಿಂದ ಬಂದದ್ದು. ಮೊಬೈಲನ್ನು ನಾವು ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡುತ್ತೇವೆ. ಹೈಬ್ರಿಡ್‌ನ ಕಂಪ್ಯೂಟರ್ ಅದಕ್ಕೆ ಬಿಡುವುದೇ ಇಲ್ಲ. ಸುಮಾರು 40ರಿಂದ 80 ಪರ್ಸೆಂಟ್ ಒಳಗೇ ಚಾರ್ಜ್ ಆಡಿಸುತ್ತದೆ. ಅದಕ್ಕೇ ಅಷ್ಟು ವರ್ಷ ಬಾಳುವುದು. ಆ ಕ್ಯಾಮ್ರಿಯಲ್ಲಿ ಇರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಒಳಗೆ 34 ಮಾಡ್ಯೂಲ್, ಅಂದರೆ ಸಾಲಾಗಿ ಜೋಡಿಸಿದ ಚಿಕ್ಕ ಬ್ಯಾಟರಿಗಳು, ಒಟ್ಟು 244.8 ವೋಲ್ಟ್. ಇವೆಲ್ಲ ಒಂದೇ ದಿನ ಸಾಯುವುದಿಲ್ಲ. ಯಾವುದೋ ಒಂದು ಸೊರಗುತ್ತದೆ, ಕಂಪ್ಯೂಟರ್ ಅದನ್ನು ಹಿಡಿದು ಲೈಟ್ ಹಾಕುತ್ತದೆ. ಸ್ಕ್ಯಾನರ್‌ನಲ್ಲಿ ಪಿ0ಎ80 ಎಂಬ ಕೋಡ್ ಬಂದರೆ ಅದೇ ವಿಷಯ. ಆ ಒಂದು ಮಾಡ್ಯೂಲ್ ಮಾತ್ರ ಬದಲಿಸಿ ಕೊಡುವವರೂ ಇದ್ದಾರೆ. ಆದರೆ ಉಳಿದ 33ಕ್ಕೂ ಅದೇ ವಯಸ್ಸು ಅನ್ನೋದು ನೆನಪಿರಲಿ. ಅದು ಗಾಡಿ ಮಾರುವವರ ರಿಪೇರಿ, ಇಟ್ಟುಕೊಳ್ಳುವವರದ್ದಲ್ಲ.

ನಿಜವಾದ ಶತ್ರು ಕಿಲೋಮೀಟರ್ ಅಲ್ಲ. ಒಂದು ಬಿಸಿ, ಇನ್ನೊಂದು ಸುಮ್ನೆ ನಿಲ್ಲಿಸುವುದು. ದಿನಾ ಹಾಸನ–ಬೆಂಗಳೂರು ಓಡಿದ 2 ಲಕ್ಷದ ಗಾಡಿಯನ್ನು ನಾನು ಕಣ್ಣುಮುಚ್ಚಿ ನೋಡಲು ಹೋಗುತ್ತೇನೆ. ಎಸ್ಟೇಟ್ ಶೆಡ್‌ನಲ್ಲಿ ಇಡೀ ಮಳೆಗಾಲ ಮಲಗಿದ್ದ, ಬರೀ 40 ಸಾವಿರ ಓಡಿದ ಗಾಡಿ ಎಂದರೆ ಮೊದಲು ಅನುಮಾನ ಪಡುತ್ತೇನೆ. ಇಲಿ ಕಡಿದ ವೈರ್ ಬೇರೆ ಲೆಕ್ಕ.

ನೋಡಲು ಹೋದಾಗ ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಹುಡುಕಿ. ಒಂದು ಗಾಡಿಯಲ್ಲಿ ನಾಯಿಕೂದಲೂ ಕೆಂಪು ಧೂಳೂ ಸೇರಿ ಬೆರಳು ತೂರದಷ್ಟು ಮೆತ್ತಿಕೊಂಡಿತ್ತು. ಮಾಲೀಕರು ಅದನ್ನು ಸ್ಪೀಕರ್ ಅಂದುಕೊಂಡಿದ್ದರು! ಆಮೇಲೆ ಸ್ಕ್ಯಾನರ್ ಸಿಕ್ಕಿಸಿಕೊಂಡೇ ಏರು ಹತ್ತಿಸಿ. ಕೈಮರದಿಂದ ಮುಳ್ಳಯ್ಯನಗಿರಿ ಕಡೆಯ ರಸ್ತೆಯಂಥದ್ದು ಸಾಕು. ಮಾಡ್ಯೂಲ್‌ಗಳ ವೋಲ್ಟೇಜ್ ಜೋಡಿ ಜೋಡಿಯಾಗಿ ಕಾಣುತ್ತದೆ. ಎಲ್ಲವೂ ಒಟ್ಟಿಗೆ ಇಳಿದು ಒಟ್ಟಿಗೆ ಏರಬೇಕು. ಒಂದೇ ಒಂದು ಜೋಡಿ ಎದ್ದು ಕಾಣುವಷ್ಟು ಕೆಳಗೆ ಬಿದ್ದರೆ, ಹೊಸ ಬ್ಯಾಟರಿಯ ರೇಟು ಕೇಳಿಕೊಂಡು ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ.

ಬೆಳಿಗ್ಗೆ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಗಿದ್ದರೆ ದೊಡ್ಡ ಬ್ಯಾಟರಿ ಹೋಯಿತೆಂದು ಎದೆ ಹಿಡಿದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಡಿಕ್ಕಿಯಲ್ಲಿರುವ 12 ವೋಲ್ಟ್ ಬ್ಯಾಟರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ಚಾರ್ಮಾಡಿ, ಶಿರಾಡಿ ಇಳಿಯುವಾಗ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಚಟ ಜಾಸ್ತಿ. ಯಾವ ಗಾಡಿಯಲ್ಲೂ ಅದು ಅಪಾಯ. ಹೈಬ್ರಿಡ್‌ನಲ್ಲಂತೂ ನಷ್ಟ ಕೂಡ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ. ಇಳಿಜಾರು ಪುಕ್ಕಟೆ ಕೊಡುವ ಕರೆಂಟೆಲ್ಲ ಬ್ರೇಕ್ ಬಿಸಿಯಾಗಿ ಹೋಗುತ್ತದೆ. ಮಾಮೂಲಿ ಓಡಿಸುವ ಡಿ ಗೇರಿನಲ್ಲೇ ಇಳಿಯಿರಿ. ಉದ್ದದ ಘಾಟಿಯಲ್ಲಿ ಅರ್ಧ ದಾರಿಗೇ ಬ್ಯಾಟರಿ ತುಂಬಿಬಿಡುತ್ತದೆ. ಆಗ ಗೇರ್ ಲಿವರ್‌ನಲ್ಲಿ ಬಿ (ಎಂಜಿನ್ನಿಂದಲೇ ಗಾಡಿ ತಡೆಯುವ ಸ್ಥಾನ) ಇದ್ದರೆ ಅದಕ್ಕೆ ಹಾಕಿ. ಎಂಜಿನ್ ಜೋರಾಗಿ ಕೂಗುತ್ತದೆ, ಕೂಗಲಿ ಬಿಡಿ. ಗಾಡಿಯನ್ನು ಹಿಡಿದು ನಿಲ್ಲಿಸುತ್ತಿದೆ, ಪೆಟ್ರೋಲ್ ಕುಡಿಯುತ್ತಿಲ್ಲ.